ಗೆದ್ದ ರೊಕ್ಕ ಯಾರ ಖಾತೆಯಿಂದ ಬಂತು?



ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಮನೆಗೆ ರೊಕ್ಕ ಬರುವ ದಾರಿಗಳು ಎಲ್ಲರಿಗೂ ಗೊತ್ತಿರುವಂಥವೇ. ಕೃಷ್ಣಾ, ಘಟಪ್ರಭೆಯ ದಂಡೆಯವರಿಗೆ ಕಬ್ಬಿನ ಬಿಲ್ಲು. ರಬಕವಿ, ಬನಹಟ್ಟಿ, ತೇರದಾಳದ ಮಗ್ಗದವರಿಗೆ ವಾರದ ಬಟವಾಡೆ. ಬೀಳಗಿ ಕಡೆ ಆಲಮಟ್ಟಿಯ ಹಿನ್ನೀರಿಗೆ ಹೊಲ ಬಿಟ್ಟವರಿಗೆ ಸರ್ಕಾರದ ಪರಿಹಾರ. ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ. ಹಿಂದೆ ಇವು ಬೇರೆ ಬೇರೆ ಕೈಯಿಂದ ಬರುತ್ತಿದ್ದವು. ಈಗ ಬಟವಾಡೆಯೊಂದು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಬ್ಯಾಂಕ್ ಖಾತೆಗೇ ಬಂದು ಬೀಳುತ್ತವೆ. ಖಾತೆ ತಂದೆಯ ಹೆಸರಿನಲ್ಲಿರಬಹುದು, ತಾಯಿಯ ಹೆಸರಿನಲ್ಲಿರಬಹುದು. ಅದಕ್ಕೆ ಜೋಡಿಸಿದ ಮೊಬೈಲ್ ಮಾತ್ರ ಮನೆಯ ಹುಡುಗನ ಕೈಯಲ್ಲಿರುತ್ತದೆ. ನಾನು ಇವತ್ತು ಮಾತಾಡಬೇಕೆಂದಿರುವುದು ಆ ಮೊಬೈಲಿನಲ್ಲಿ ನಡೆಯುತ್ತಿರುವ ಒಂದು ಜೂಜಿನ ಬಗ್ಗೆ, ಅದರಿಂದ ಆ ಖಾತೆಗೆ ಬರುತ್ತಿರುವ ಕುತ್ತಿನ ಬಗ್ಗೆ.

ನಾನು ಬ್ಯಾಂಕಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಊರಿನಲ್ಲಿ ಖಾತೆ, ಸಾಲ, ವಿಮೆ ಅಂದರೆ ಇಂದಿಗೂ ಜನ ನನ್ನ ಬಳಿ ಬರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಬರುವವರು ಹೆಚ್ಚಾಗಿ ಇಪ್ಪತ್ತೈದರ ಆಚೀಚೆಯ ಹುಡುಗರು. ಬಂದವರು ಮೊದಲು ಹೊರಗೆ ಕಟ್ಟೆಯ ಮೇಲೆ ಕೂರುತ್ತಾರೆ. ಬೇರೆಯವರು ಎದ್ದು ಹೋದ ಮೇಲೆ ಒಳಗೆ ಬಂದು ಮೊಬೈಲ್ ಮುಂದೆ ಹಿಡಿಯುತ್ತಾರೆ. "ಸರ್, ಬ್ಯಾಲೆನ್ಸ್ ತೋರಸಾಕತ್ತೈತಿ, ವಿತ್‌ಡ್ರಾ ಕೊಟ್ಟರ ಬರವಲ್ದು." "ಐಡಿ ಬ್ಲಾಕ್ ಆಗೇತಿ ಅಂತಾರ, ಯಾಕಂತ ಹೇಳವಲ್ರು." "ಆ ಸೈಟೇ ತೆರೆಯವಲ್ದರಿ ಈಗ." ಅವರ ಮುಖದಲ್ಲಿ ಇನ್ನೂ ಆಸೆ ಇರುತ್ತದೆ. ಎಲ್ಲೋ ಒಂದು ಬಟನ್ ತಪ್ಪಾಗಿದೆ, ತಿಳಿದವರು ಸರಿಮಾಡಿಕೊಟ್ಟರೆ ರೊಕ್ಕ ಬರುತ್ತದೆ ಅಂತ. ಅಲ್ಲಿ ಯಾವ ಬಟನ್ನೂ ಕೆಟ್ಟಿರುವುದಿಲ್ಲ. ಕೊಡದಿರಲು ಅನುಕೂಲವಾಗುವಂತೆಯೇ ಆ ಇಡೀ ಏರ್ಪಾಟನ್ನು ಕಟ್ಟಿರುತ್ತಾರೆ. ಇದನ್ನು ಅವರಿಗೆ ಬಿಡಿಸಿ ಹೇಳುವುದೇ ನನಗೆ ದೊಡ್ಡ ಕೆಲಸವಾಗಿದೆ.

ಜೂಜು ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಓ.ಸಿ., ಮಟ್ಕಾ ಎಂಬ ಹೆಸರು ಕೇಳದವರು ಇಲ್ಲಿ ಯಾರಿದ್ದಾರೆ? ಅದರ ಮೂಲ ಇರುವುದು ಮುಂಬಯಿಯ ಹತ್ತಿಪೇಟೆಯಲ್ಲಿ. ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದಿಂದ ತಂತಿಯ ಮೂಲಕ ಬರುತ್ತಿದ್ದ ಆರಂಭದ ದರ, ಮುಕ್ತಾಯದ ದರ ಇವುಗಳ ಮೇಲೆ ಜನ ಪಂಥ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಾಗ ಕಲ್ಯಾಣಜಿ ಭಗತ್, ರತನ್ ಖತ್ರಿ ಎಂಬವರು ಅಂಕಿಗಳನ್ನು ತಾವೇ ಎತ್ತುವ ಪದ್ಧತಿ ತಂದರು. ಅದೇ ಊರೂರು ಹಬ್ಬಿತು. ಹತ್ತಿಯ ದರದ ಜೂಜು ಹತ್ತಿ ನೂಲಿನಲ್ಲೇ ಬದುಕು ಕಟ್ಟಿಕೊಂಡ ಓಣಿಗಳಿಗೂ ಬಂದು ಎಷ್ಟು ಬಟವಾಡೆ ನುಂಗಿತು ಎಂಬುದು ನಮ್ಮ ಹಿರಿಯರಿಗೆ ಗೊತ್ತು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78ನೆಯ ಕಲಮಿನಡಿ ಇವತ್ತಿಗೂ ಆ ಕೇಸುಗಳು ಬೀಳುತ್ತಲೇ ಇವೆ.

ಓ.ಸಿ.ಯನ್ನು ನಾನು ಹೊಗಳುವವನಲ್ಲ. ಆದರೂ ಅಲ್ಲಿ ಚೀಟಿ ಬರೆದುಕೊಳ್ಳುವವನು ಅದೇ ಊರಿನವನಾಗಿರುತ್ತಿದ್ದ. ಅವನ ಮನೆ ಗೊತ್ತಿರುತ್ತಿತ್ತು. ಗೆದ್ದವನಿಗೆ ಕೊಡದೆ ಹೋದರೆ ಮರುದಿನ ಅವನ ದಂಧೆ ಮುಗಿಯುತ್ತಿತ್ತು. ಮೊಬೈಲಿಗೆ ಬಂದ ಜೂಜಿನಲ್ಲಿ ಆ ಅಂಜಿಕೆಗೆ ಜಾಗವೇ ಇಲ್ಲ. ಬಹಳಷ್ಟು ಸೈಟುಗಳು ತಮ್ಮ ಪರವಾನಗಿ ಕ್ಯುರಸಾವ್‌ನದು ಎಂದು ಬರೆದುಕೊಳ್ಳುತ್ತವೆ. ವೆನಿಜುವೆಲಾ ದೇಶದ ಹತ್ತಿರ ಸಮುದ್ರದಲ್ಲಿರುವ, ನೆದರ್‌ಲೆಂಡ್ಸ್ ರಾಜ್ಯಕ್ಕೆ ಸೇರಿದ ಪುಟ್ಟ ದ್ವೀಪ ಅದು. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಅಲ್ಲಿ ಬಹಳ ವರ್ಷ ಕೆಲವೇ ಮೂಲ ಪರವಾನಗಿದಾರರಿದ್ದು, ಅವರು ತಮ್ಮ ಕೆಳಗೆ ಕಂಡವರಿಗೆಲ್ಲ ಉಪಪರವಾನಗಿ ಕೊಡುತ್ತಿದ್ದರು. 2024ರ ಡಿಸೆಂಬರ್‌ನಲ್ಲಿ ಆ ದ್ವೀಪ ಹೊಸ ಕಾನೂನು ತಂದಿದೆ. ತಂದರೇನು? ಮಹಾಲಿಂಗಪುರದ ಹುಡುಗನೊಬ್ಬ ಅಲ್ಲಿಗೆ ಯಾವ ಭಾಷೆಯಲ್ಲಿ, ಯಾವ ದಾಖಲೆ ಇಟ್ಟು ದೂರು ಬರೆಯಬೇಕು? ಎಷ್ಟೋ ಸೈಟುಗಳ ಕೆಳಗೆ ಕಾಣುವ ಪರವಾನಗಿಯ ಮುದ್ರೆಯೂ ಬರೀ ಚಿತ್ರವಾಗಿರುತ್ತದೆ.

ಈಗ ಈ ಆಟ ಹೇಗೆ ಶುರುವಾಗುತ್ತದೆ ನೋಡೋಣ. ಐಪಿಎಲ್ ಹತ್ತಿರ ಬಂದಾಗ ವಾಟ್ಸಾಪಿಗೆ, ಟೆಲಿಗ್ರಾಮಿಗೆ ಒಂದು ಸಂದೇಶ ಬರುತ್ತದೆ: ಐಡಿ ಬೇಕೇ? ಹೌದು ಎಂದರೆ ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಡುತ್ತಾರೆ. ಆ ಐಡಿ ಆಡುವವನ ಸ್ವಂತದ್ದಲ್ಲ. ಕೊಟ್ಟ ಏಜೆಂಟ್ ಅದನ್ನು ತನ್ನ ಕಡೆಯಿಂದ ಯಾವಾಗ ಬೇಕಾದರೂ ಮುಚ್ಚಬಹುದು, ಪಾಸ್‌ವರ್ಡ್ ಬದಲಿಸಬಹುದು. ಏಜೆಂಟನ ಮೇಲೆ ಮಾಸ್ಟರ್, ಅವನ ಮೇಲೆ ಸೂಪರ್ ಮಾಸ್ಟರ್, ಎಲ್ಲಕ್ಕೂ ಮೇಲೆ ದುಬೈಯಲ್ಲೋ ಮತ್ತೆಲ್ಲೋ ಕೂತ ಮಾಲೀಕ. ಛತ್ತೀಸಗಢದ ಭಿಲಾಯಿ ಮೂಲದವರು ದುಬೈಯಿಂದ ನಡೆಸುತ್ತಿದ್ದರೆಂದು ಜಾರಿ ನಿರ್ದೇಶನಾಲಯ ಹೇಳುವ ಮಹಾದೇವ ಆ್ಯಪ್‌ನ ಪ್ರಕರಣದಲ್ಲಿ ಈ ಏಣಿ ಬಯಲಿಗೆ ಬಂತು. ಅಲ್ಲಿ ಊರೂರಿಗೆ ಪ್ಯಾನೆಲ್ ಎಂಬ ಶಾಖೆಗಳನ್ನು ಹಂಚಿ, ಲಾಭವನ್ನು ನೂರಕ್ಕೆ 70 ಮತ್ತು 30ರಂತೆ ಪಾಲು ಮಾಡಿಕೊಳ್ಳುತ್ತಿದ್ದರೆಂದು ನಿರ್ದೇಶನಾಲಯ ಹೇಳಿತು. ಆಡುವವರು ಸೋತ ರೊಕ್ಕವೇ ಪ್ಯಾನೆಲ್‌ನವರ ಲಾಭ. ಅಂಥ ಕಡೆ ನಮ್ಮ ಹುಡುಗ ಗೆದ್ದರೆ ಅದನ್ನು ಕೊಡಬೇಕಾದವನು ಯಾರು? ಅವನು ಸೋಲಲಿ ಎಂದು ಕಾಯುತ್ತಿರುವವನೇ.

ರೊಕ್ಕ ಕಟ್ಟುವಾಗ ಯಾವ ತಕರಾರೂ ಇರುವುದಿಲ್ಲ. ಮೊದಲ ಸಲ ಚಿಲ್ಲರೆ ಗೆದ್ದಾಗ ನಿಮಿಷದೊಳಗೆ ವಾಪಸು ಬರುತ್ತದೆ. ಆ ಮೊದಲ ಐನೂರು ರೂಪಾಯಿ ಮಾಡುವ ಕೆಲಸ ದೊಡ್ಡದು. ಹುಡುಗ ಅದನ್ನು ನಾಲ್ಕು ಜನ ಗೆಳೆಯರಿಗೆ ತೋರಿಸುತ್ತಾನೆ, ಅವರೂ ಐಡಿ ತೆಗೆದುಕೊಳ್ಳುತ್ತಾರೆ. ತಕರಾರು ಹುಟ್ಟುವುದು ಮೊತ್ತ ದೊಡ್ಡದಾದ ಮೇಲೆ. ಆಗ ಗುರುತಿನ ಪತ್ರ ಕೇಳುತ್ತಾರೆ. ಆಧಾರ್‌ನಲ್ಲಿ ತಂದೆಯ ಹೆಸರು, ಅಡ್ಡಹೆಸರು ಸೇರಿ ಪೂರ್ತಿ ಇರುತ್ತದೆ. ಬ್ಯಾಂಕಿನಲ್ಲಿ ಬರೀ ಇನಿಷಿಯಲ್ ಇರುತ್ತದೆ. ನಮ್ಮ ಕಡೆ ಯಾರ ಮನೆಯ ಕಾಗದದಲ್ಲಿ ಈ ವ್ಯತ್ಯಾಸ ಇಲ್ಲ ಹೇಳಿ! ಹೆಸರು ತಾಳೆಯಾಗಲಿಲ್ಲ ಎಂದು ತಡೆಯುತ್ತಾರೆ. ಒಂದು ದಿನ ಗೆಳೆಯನ ಫೋನ್‌ಪೇಯಿಂದ ಕಟ್ಟಿದ್ದರೆ ಬೇರೆಯವರ ಖಾತೆಯಿಂದ ಬಂದ ಹಣ ಎಂದು ತಡೆಯುತ್ತಾರೆ. ಒಂದೇ ವೈಫೈಯಲ್ಲಿ ಇಬ್ಬರು ಅಣ್ಣತಮ್ಮಂದಿರು ಆಡಿದ್ದರೆ ಒಬ್ಬನೇ ಎರಡು ಖಾತೆ ಮಾಡಿದ್ದಾನೆ ಎಂದು ಎರಡನ್ನೂ ಮುಚ್ಚುತ್ತಾರೆ. ಕೆಲವು ಸೈಟುಗಳ ನಿಯಮಪತ್ರದಲ್ಲೇ ಭಾರತದವರು ಆಡುವಂತಿಲ್ಲ ಎಂದು ಬರೆದಿರುತ್ತದೆ. ಕಟ್ಟಿಸಿಕೊಳ್ಳುವಾಗ ಆ ಸಾಲು ಯಾರಿಗೂ ನೆನಪಾಗುವುದಿಲ್ಲ, ಕೊಡುವಾಗ ನೆನಪಾಗುತ್ತದೆ.

ಬೋನಸ್ಸಿನ ಲೆಕ್ಕವೊಂದಿದೆ. ಸಾವಿರ ಕಟ್ಟಿದರೆ ಇನ್ನೊಂದು ಸಾವಿರ ನಾವೇ ಕೊಡುತ್ತೇವೆ ಅನ್ನುತ್ತಾರೆ. ಆ ಎರಡು ಸಾವಿರವನ್ನು 20 ಪಟ್ಟು ಆಡಿ ಮುಗಿಸುವ ತನಕ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ ಎಂಬ ಷರತ್ತು ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಅಂದರೆ 40,000 ರೂಪಾಯಿಯ ಪಂಥ ಕಟ್ಟಿದ ಮೇಲೆ ಮಾತು. ಅಷ್ಟು ಆಡಿದವನ ಕೈಯಲ್ಲಿ ಕೊನೆಗೆ ಏನುಳಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸೈಟೇ ತೆರೆಯದಿರುವ ಸಂಗತಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಕೇಂದ್ರ ಸರ್ಕಾರ ಇಂಥ ಸೈಟುಗಳನ್ನು ಮುಚ್ಚಿಸುತ್ತದೆ. 2023ರ ನವೆಂಬರ್ 5ರಂದು ಮಹಾದೇವ ಸೇರಿ 22 ಆ್ಯಪ್ ಮತ್ತು ಸೈಟುಗಳನ್ನು ಮುಚ್ಚಿಸಿತು. 2022ರಿಂದ 2025ರ ಫೆಬ್ರವರಿವರೆಗೆ ಹೊರಟ ಇಂಥ ಆದೇಶಗಳು 1,400ಕ್ಕೂ ಹೆಚ್ಚು. ಮುಚ್ಚಿದ ಮರುದಿನವೇ ಹೆಸರಿಗೆ ಒಂದಂಕಿ ಸೇರಿಸಿ ಇನ್ನೊಂದು ಸೈಟ್ ತೆರೆಯುತ್ತಾರೆ. ಹಳೆಯ ಬ್ಯಾಲೆನ್ಸ್ ಹೊಸದಕ್ಕೆ ಬರಬಹುದು, ಬರದೆಯೂ ಇರಬಹುದು. ಹೊಸದೆಂದು ಬಂದ ಕೊಂಡಿಯೇ ಇನ್ನೊಬ್ಬ ಕಳ್ಳನದಾಗಿರಬಹುದು. ಪ್ಲೇಸ್ಟೋರಿನಲ್ಲಿ ಇಲ್ಲದ ಆ್ಯಪನ್ನು ವಾಟ್ಸಾಪಿನಲ್ಲಿ ಬಂದ ಎಪಿಕೆ ಕಡತದಿಂದ ಹಾಕಿಕೊಂಡರೆ ಆ ಮೊಬೈಲಿಗೆ ಬರುವ ಓಟಿಪಿಗಳನ್ನು ಬೇರೆ ಯಾರೋ ಓದುವಂತಾಗಬಹುದು. ಅದೇ ಮೊಬೈಲಿನಲ್ಲಿ ಅಪ್ಪನ ಖಾತೆಯೂ ಇರುತ್ತದೆ ಎಂಬುದನ್ನು ಮರೆಯಬೇಡಿ.

ಸಿಕ್ಕಿಹಾಕಿಕೊಂಡ ಹುಡುಗ ಮುಂದೆ ಮಾಡುವುದು ಗ್ರಾಹಕ ಸೇವೆಯ ನಂಬರ್ ಹುಡುಕುವುದು. ಸಿಗುತ್ತದೆ. ಆ ಕಡೆಯಿಂದ ಬಹಳ ಮರ್ಯಾದೆಯ ಮಾತು ಬರುತ್ತದೆ: ನಿಮ್ಮ ಹಣ ತಯಾರಿದೆ, ಶೇಕಡಾ 30ರ ತೆರಿಗೆ ಕಟ್ಟಿದರೆ ತಕ್ಷಣ ಬಿಡುತ್ತೇವೆ ಅಂತ. ತೆರಿಗೆ ಎಂದ ಕೂಡಲೇ ಇದು ಕಾನೂನುಬದ್ಧ ಇರಬೇಕು ಅನ್ನಿಸುತ್ತದೆ. ಆನ್‌ಲೈನ್ ಆಟದಲ್ಲಿ ಗೆದ್ದ ಹಣಕ್ಕೆ ನಮ್ಮ ದೇಶದಲ್ಲಿ ಶೇಕಡಾ 30ರ ತೆರಿಗೆ ಇಟ್ಟದ್ದು ನಿಜ. 2023ರ ಏಪ್ರಿಲ್ 1ರಿಂದ ಕಂಪನಿಯೇ ಅದನ್ನು ಮೂಲದಲ್ಲಿ ಕಡಿತ ಮಾಡಬೇಕೆಂಬ ನಿಯಮವೂ ಬಂತು. ಕಡಿತ ಮಾಡುವುದು ಗೆದ್ದ ಹಣದಲ್ಲಿ. ಗೆದ್ದವನು ತನ್ನ ಜೇಬಿನಿಂದ ಮೊದಲು ಯಾರದೋ ಯುಪಿಐ ನಂಬರಿಗೆ ತೆರಿಗೆ ಕಳಿಸಬೇಕೆಂದು ಯಾವ ಕಾಯ್ದೆಯೂ ಹೇಳಿಲ್ಲ. ಹಾಗೆ ಕೇಳಿದವನು ಕಳ್ಳ. ತಂಗಿಯ ಮದುವೆಗೆಂದು ಇಟ್ಟ ಬಂಗಾರ ಅಡವಿಟ್ಟು ಈ ತೆರಿಗೆ ಕಟ್ಟಿದವರ ಮುಂದೆ ನಾನು ಕೂತಿದ್ದೇನೆ. ಹೋದ ರೊಕ್ಕಕ್ಕಿಂತ, ಅದನ್ನು ಬಿಡಿಸಲು ಹೋಗಿ ಕಳೆದ ರೊಕ್ಕ ಹೆಚ್ಚಾಗಿತ್ತು.

ಹಾಗಾದರೆ ಕೋರ್ಟಿಗೆ ಹೋಗಬಹುದಲ್ಲ ಎಂದು ಕೇಳುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಮು ಪಂಥದ ಕರಾರನ್ನು ಅನೂರ್ಜಿತ ಅನ್ನುತ್ತದೆ. ಪಂಥದಲ್ಲಿ ಗೆದ್ದೆನೆಂದು ದಾವೆ ಹೂಡಲು ಬರುವುದಿಲ್ಲ. ಲಾಟರಿ ಚೀಟಿ, ಸ್ವೀಪ್‌ಸ್ಟೇಕ್ಸ್ ಮೊದಲಾದವಕ್ಕೆ ಹೊರದೇಶಕ್ಕೆ ಹಣ ಕಳಿಸುವುದನ್ನು 2000ನೇ ಇಸವಿಯ ವಿದೇಶಿ ವಿನಿಮಯದ ನಿಯಮಗಳು ನಿಷೇಧಿಸಿವೆ. ಗೆದ್ದವನ ಕೈಯಲ್ಲಿ ಹಕ್ಕುಪತ್ರ ಎಂಬುದೇ ಇರುವುದಿಲ್ಲ.

ಇಲ್ಲಿ ಕಬ್ಬಿನ ಮಾತು ಬರಬೇಕು. ಕಬ್ಬಿನ ಬಿಲ್ಲು ತಡವಾದರೆ ನಾವೇನು ಮಾಡುತ್ತೇವೆ? 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ರೊಕ್ಕ ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಅದು ಎಲ್ಲ ಸಲ ಪಾಲನೆಯಾಗಿದೆ ಎಂದು ನಾನು ಹೇಳಲಾರೆ. ಆದರೆ ಕೇಳಲು ಜಿಲ್ಲಾಧಿಕಾರಿ ಇದ್ದಾರೆ, ಕಾರ್ಖಾನೆಗೆ ಗೇಟಿದೆ, ಕೂರಲು ರಸ್ತೆಯಿದೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಬ್ಬಿನ ದರಕ್ಕಾಗಿ ಹಗಲುರಾತ್ರಿ ಕೂತರು. ಸರ್ಕಾರವೇ ಮಧ್ಯೆ ಬಂದು ಟನ್ನಿಗೆ 3,300 ರೂಪಾಯಿ ಎಂದು ಹೇಳಬೇಕಾಯಿತು. ಆ ದಿನಗಳ ಕಾವು ಮುಧೋಳ, ಮಹಾಲಿಂಗಪುರ, ಸಮೀರವಾಡಿಯವರೆಗೂ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಇದಕ್ಕಿಂತ ಹಿಂದಿನದೊಂದನ್ನು ನೆನೆಯುತ್ತೇನೆ. 1989ರಲ್ಲಿ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ರೊಕ್ಕ ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಕೊಟ್ಟ ರೊಕ್ಕ ಎಲ್ಲಿ ಹೋಯಿತು ಎಂದು ಕೇಳಿದರೆ ನದಿಯ ಕಡೆ ಕೈ ತೋರಿಸಬಹುದಿತ್ತು. ರೊಕ್ಕದ ಲೆಕ್ಕ ಕೇಳುವುದು, ಕೊಡುವುದು ನಮ್ಮ ನೆಲದ ಜನಕ್ಕೆ ಚೆನ್ನಾಗಿ ಗೊತ್ತು. ಅಂಥ ಮನೆಗಳ ಮಕ್ಕಳು ಲೆಕ್ಕವನ್ನೇ ಕೇಳಲಾಗದ ಕಡೆ ಸಾವಿರಗಟ್ಟಲೆ ಸುರಿಯುವುದನ್ನು ಕಂಡಾಗ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಇಷ್ಟರವರೆಗೆ ಹೇಳಿದ್ದು ರೊಕ್ಕ ಬರದೆ ಹೋದವರ ಸಂಗತಿ. ಬಂದವರ ಸಂಗತಿ ಇದಕ್ಕಿಂತ ಕಠಿಣ. ದಯವಿಟ್ಟು ಗಮನವಿಟ್ಟು ಕೇಳಿ.

ಜಗತ್ತಿನ ಕಾರ್ಡ್ ವ್ಯವಸ್ಥೆಯಲ್ಲಿ ಪ್ರತಿ ವ್ಯಾಪಾರಕ್ಕೂ ಒಂದು ಸಂಕೇತ ಸಂಖ್ಯೆ ಇದೆ. ಜೂಜಿನದು 7995. ಆ ಸಂಖ್ಯೆ ಕಂಡರೆ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಹಣ ಬಿಡುವುದಿಲ್ಲ. ಅದಕ್ಕಾಗಿ ಸೈಟಿನವರು ನಮ್ಮೊಳಗಿನವರದೇ ಖಾತೆಗಳನ್ನು ಬಳಸುತ್ತಾರೆ. ಕಟ್ಟುವಾಗ ಪ್ರತಿಸಲ ಹೊಸ ಕ್ಯೂಆರ್ ಬರುವುದನ್ನು ಆಡಿದವರು ನೋಡಿರುತ್ತೀರಿ. ಒಮ್ಮೆ ಯಾವುದೋ ಟ್ರೇಡರ್ಸ್, ಇನ್ನೊಮ್ಮೆ ಯಾರೋ ಹೆಣ್ಣುಮಗಳ ಹೆಸರು. ಅವೆಲ್ಲ ಬಾಡಿಗೆಗೆ ಪಡೆದ ಖಾತೆಗಳು. ಅಲ್ಲಿಂದ ಹಣ ಹತ್ತಾರು ಖಾತೆ ದಾಟಿ ಹವಾಲಾಕ್ಕೋ ಕ್ರಿಪ್ಟೋ ನಾಣ್ಯಕ್ಕೋ ತಿರುಗಿ ದೇಶ ಬಿಡುತ್ತದೆ. 2025ರ ಮಾರ್ಚ್‌ನಲ್ಲಿ ಜಿಎಸ್‌ಟಿ ಗುಪ್ತಚರ ಮಹಾನಿರ್ದೇಶನಾಲಯ ಕೊಟ್ಟ ಮಾಹಿತಿಯಂತೆ ಹೊರದೇಶದ ಇಂಥ ಆಟಗಳ ಮೇಲಿನ ಕ್ರಮದಲ್ಲಿ 357 ಸೈಟುಗಳು ಮುಚ್ಚಿದವು, ಸುಮಾರು 2,400 ಬ್ಯಾಂಕ್ ಖಾತೆಗಳನ್ನು ತಡೆಹಿಡಿದು 126 ಕೋಟಿ ರೂಪಾಯಿ ಹೊರಹೋಗದಂತೆ ಮಾಡಲಾಯಿತು.

ಇದೇ ಬಾಡಿಗೆ ಖಾತೆಗಳಿಗೆ ಇನ್ನೊಂದು ಹೊಳೆಯೂ ಬಂದು ಕೂಡುತ್ತದೆ. ಹೈದರಾಬಾದಿನಲ್ಲಿ ಒಬ್ಬ ನಿವೃತ್ತ ಶಿಕ್ಷಕರಿಗೆ ನಕಲಿ ಪೊಲೀಸರು ವಿಡಿಯೊ ಕರೆ ಮಾಡಿ ಹೆದರಿಸಿ ಹಣ ಕಸಿದರು ಎಂದು ಇಟ್ಟುಕೊಳ್ಳಿ. ಆ ಹಣ ಬಿದ್ದದ್ದು ಇಂಥದೇ ಒಂದು ಖಾತೆಗೆ. ಅಲ್ಲಿಂದ ಅದರ ಒಂದು ತುಣುಕು, 4,000 ರೂಪಾಯಿ, ಜಮಖಂಡಿಯ ಹುಡುಗನಿಗೆ ಗೆದ್ದ ರೊಕ್ಕವಾಗಿ ಬಂತು. ಹುಡುಗನಿಗೆ ಖುಷಿ. ಇತ್ತ ಆ ಶಿಕ್ಷಕರು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡುತ್ತಾರೆ. ಕೇಂದ್ರ ಗೃಹ ಇಲಾಖೆಯ ಸೈಬರ್ ದೂರು ವ್ಯವಸ್ಥೆ ಹಣದ ಜಾಡು ಹಿಡಿದು ಖಾತೆಯಿಂದ ಖಾತೆಗೆ ನಡೆಯುತ್ತದೆ, ತಾಗಿದ ಪ್ರತಿ ಖಾತೆಗೂ ತಡೆ ಬೀಳುತ್ತದೆ. ಪೊಲೀಸರಿಗೆ ಆ ಅಧಿಕಾರ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 102ನೆಯ ಕಲಮಿನಲ್ಲಿತ್ತು; 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೆಯ ಕಲಮಿನಲ್ಲಿದೆ. ಬಂದದ್ದು 4,000, ನಿಲ್ಲುವುದು ಎಷ್ಟೋ ಸಲ ಪೂರ್ತಿ ಖಾತೆ. ಅದು ತಂದೆಯ ಖಾತೆಯಾಗಿದ್ದರೆ ಮರುವಾರ ಕಬ್ಬಿನ ಬಿಲ್ಲು ಬಂದು ಅದರಲ್ಲೇ ಬೀಳುತ್ತದೆ, ತೆಗೆಯಲು ಬರುವುದಿಲ್ಲ. ಗೊಬ್ಬರದ ಅಂಗಡಿಗೆ ಕೊಡಬೇಕು, ಕಬ್ಬು ಕಡಿದ ಗ್ಯಾಂಗಿಗೆ ಕೊಡಬೇಕು, ಸೊಸೈಟಿಯ ಕಂತು ಕಟ್ಟಬೇಕು. ಬ್ಯಾಂಕಿನವರನ್ನು ಕೇಳಿದರೆ ತೆಲಂಗಾಣದ ಒಂದು ಠಾಣೆಯ ಹೆಸರು, ಒಂದು ದೂರಿನ ಸಂಖ್ಯೆ ಕೊಡುತ್ತಾರೆ. ಕೌಂಟರಿನಲ್ಲಿ ಕೂತವರಿಗೂ ಅದನ್ನು ಬಿಡಿಸುವ ಅಧಿಕಾರ ಇರುವುದಿಲ್ಲ. ಅವರ ಮೇಲೆ ಹರಿಹಾಯ್ದು ಪ್ರಯೋಜನವಿಲ್ಲ. ಮಗ ಐಡಿ ತೆಗೆದುಕೊಂಡದ್ದು ತಂದೆಗೆ ಗೊತ್ತಾಗುವುದು ಆ ದಿನ.

ಸೋತವನಿಗೆ ಆದದ್ದು ಕಳೆದುಕೊಂಡಷ್ಟರದೇ ನಷ್ಟ. ಗೆದ್ದವನ ಮನೆಯ ಉಳಿದ ರೊಕ್ಕವೂ ಸಿಕ್ಕಿಬೀಳುತ್ತದೆ. ನನ್ನ ಬಳಿ ಬರುವ ಹುಡುಗರಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದೇ: ನಿನಗೆ ಬಂದ ರೊಕ್ಕ ಯಾರ ಹೆಸರಿನ ಖಾತೆಯಿಂದ ಬಂದಿದೆ, ನೋಡಿದ್ದೀಯಾ? ನೋಡಿದವರು ಕಡಿಮೆ. ತೆಗೆದು ನೋಡಿದರೆ ಕಂಪನಿಯ ಹೆಸರು ಇರುವುದೇ ಇಲ್ಲ; ಯಾವುದೋ ರಾಜ್ಯದ ಯಾವುದೋ ಬಡವನ ಹೆಸರಿರುತ್ತದೆ.

ಆ ಬಡವ ನಮ್ಮ ಓಣಿಯವನೂ ಆಗಿರಬಹುದು ಎಂಬುದು ಇನ್ನೊಂದು ಭಯ. ಖಾತೆ ತೆರೆದು ಎಟಿಎಂ ಕಾರ್ಡ್, ಚೆಕ್ ಪುಸ್ತಕ, ಸಿಮ್ ಮೂರನ್ನೂ ಕೊಟ್ಟರೆ ತಿಂಗಳಿಗೆ ಇಷ್ಟು ಕೊಡುತ್ತೇವೆ ಎನ್ನುವವರು ಓಡಾಡುತ್ತಾರೆ. ಮಗ್ಗ ನಿಂತ ಮನೆಗೆ, ಕಂತು ಬಾಕಿ ಬಿದ್ದ ಮನೆಗೆ ಆ ಮಾತು ಸಿಹಿಯಾಗಿ ಕೇಳುತ್ತದೆ. ಅಮ್ಮನ ಹೆಸರಿನಲ್ಲಿ, ಹೆಂಡತಿಯ ಹೆಸರಿನಲ್ಲಿ ಖಾತೆ ಮಾಡಿಸಿ ಕೊಡುವವರಿದ್ದಾರೆ. ದಾಖಲೆಯಲ್ಲಿ ಆರೋಪಿ ಆಗುವವರು ಆ ತಾಯಂದಿರು. ಆಡಿ ಸೋತವನ ಮೇಲೆ ಕಾನೂನಿಗೆ ಕನಿಕರ ಇರಬಹುದು, ಖಾತೆ ಬಾಡಿಗೆ ಕೊಟ್ಟವನು ವಂಚನೆಯ, ಅಕ್ರಮ ಹಣ ವರ್ಗಾವಣೆಯ ಕೇಸಿನಲ್ಲಿ ನಿಲ್ಲಬೇಕಾಗುತ್ತದೆ. ಇಂಥ ಖಾತೆಗಳನ್ನು ಗುರುತು ಹಿಡಿಯಲು ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಸಂಸ್ಥೆಯೊಂದು ಮ್ಯೂಲ್‌ಹಂಟರ್ ಎಂಬ ಕೃತಕ ಬುದ್ಧಿಮತ್ತೆಯ ಸಾಧನವನ್ನೇ ತಯಾರಿಸಿದೆ.

ಕಾನೂನಿನ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿಯವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಹಣ ಸಾಗಿಸಲು ನೆರವಾದವರಿಗೂ ಶಿಕ್ಷೆ ಇದೆ. ಆಡಿದವನಿಗೆ ಈ ಕಾಯ್ದೆ ಶಿಕ್ಷೆ ಇಟ್ಟಿಲ್ಲ. ಕಾಯ್ದೆ ಬಂದ ಕೂಡಲೇ ಡ್ರೀಮ್11ನಂಥ ನಮ್ಮ ದೇಶದ ಕಂಪನಿಗಳು ಹಣದ ಆಟ ನಿಲ್ಲಿಸಿ, ಗ್ರಾಹಕರು ತಮ್ಮ ಖಾತೆಯ ಹಣವನ್ನು ಹಿಂದಕ್ಕೆ ಪಡೆಯಬಹುದೆಂದು ಪ್ರಕಟಿಸಿದವು. ದೇಶದೊಳಗೆ ವಿಳಾಸ ಇದ್ದುದರಿಂದ ಅಷ್ಟಾದರೂ ಆಯಿತು. ಇನ್ನು ಉಳಿದು ಆಡಿಸುತ್ತಿರುವವರೆಲ್ಲ ವಿಳಾಸವಿಲ್ಲದವರು. ಹಾಗೆಂದು ಇದು ದೂರದ ದುಬೈ, ಭಿಲಾಯಿಯವರ ಕತೆ ಎಂದು ತಿಳಿಯಬೇಡಿ. ಅದೇ ಆಗಸ್ಟ್‌ನಲ್ಲಿ ಜಾರಿ ನಿರ್ದೇಶನಾಲಯ ಕಿಂಗ್567, ರಾಜಾ567 ಎಂಬ ಸೈಟುಗಳ ಪ್ರಕರಣದಲ್ಲಿ ನಮ್ಮದೇ ರಾಜ್ಯದ ಚಿತ್ರದುರ್ಗದ ಶಾಸಕರನ್ನು ಬಂಧಿಸಿತು. ಅದಿನ್ನೂ ಆರೋಪ, ತೀರ್ಮಾನಿಸಬೇಕಾದದ್ದು ನ್ಯಾಯಾಲಯ.

ಈಗ, ಸಿಕ್ಕಿಕೊಂಡಿರುವವರು ಏನು ಮಾಡಬೇಕು. ಮೊದಲನೆಯ ಮಾತು, ಹೋದದ್ದನ್ನು ಬಿಡಿಸಲು ಇನ್ನೊಂದು ರೂಪಾಯಿ ಹಾಕಬೇಡಿ. ತೆರಿಗೆ, ಶುಲ್ಕ, ಅನ್‌ಲಾಕ್ ಚಾರ್ಜ್, ಯಾವ ಹೆಸರಿನಲ್ಲಿ ಕೇಳಿದರೂ ಕೊಡಬೇಡಿ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಲು ಹೇಳಿದರೆ ಫೋನ್ ಇಡಿ. ವಾಟ್ಸಾಪ್ ಮಾತುಕತೆ, ಹಣ ಕಳಿಸಿದ ಯುಪಿಐ ವಿಳಾಸ, ವಹಿವಾಟಿನ ಸಂಖ್ಯೆ ಇವನ್ನು ಅಳಿಸದೆ ಇಟ್ಟುಕೊಳ್ಳಿ. ನಾಚಿಕೆಗೆ ಎಲ್ಲವನ್ನೂ ಅಳಿಸಿ ಬರುವವರಿಗೆ ಯಾರೂ ನೆರವಾಗಲು ಆಗುವುದಿಲ್ಲ. ಮೋಸ ಹೋದೆನೆಂದು ಗೊತ್ತಾದ ತಾಸಿನೊಳಗೆ 1930ಕ್ಕೆ ಕರೆ ಮಾಡಿದರೆ ಹಣ ಎಲ್ಲಾದರೂ ಒಂದು ಖಾತೆಯಲ್ಲಿ ತಡೆಯಾಗುವ ಸಾಧ್ಯತೆ ಇರುತ್ತದೆ. ಎರಡು ದಿನ ಬಿಟ್ಟರೆ ಅದು ತೀರ ಕಡಿಮೆ. ಬಾಗಲಕೋಟೆಯಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸಿ.ಇ.ಎನ್. ಪೊಲೀಸ್ ಠಾಣೆ ಇದೆ. ನಡೆದದ್ದನ್ನು ಮುಚ್ಚದೆ ಹೇಳಿ. ಆಡಿದ್ದೆ ಎಂಬುದನ್ನೂ ಹೇಳಿ.

ಖಾತೆಗೆ ತಡೆ ಬಿದ್ದಿದ್ದರೆ ಬ್ಯಾಂಕಿನಿಂದ ದೂರಿನ ಸಂಖ್ಯೆ, ಠಾಣೆಯ ಹೆಸರು, ವಿವಾದದ ಮೊತ್ತ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಕಬ್ಬಿನ ಬಿಲ್ಲಿನ ಪಾವತಿ, ಪಾಸ್‌ಬುಕ್ಕಿನ ನಕಲು ಇಟ್ಟು, ವಿವಾದದ ಮೊತ್ತವೊಂದನ್ನು ಬಿಟ್ಟು ಉಳಿದದ್ದನ್ನು ಬಿಡಬೇಕೆಂದು ಆ ಠಾಣೆಗೆ ಅರ್ಜಿ ಬರೆಯಿರಿ. ಆಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಕೇಳಬಹುದು. ಬಿಡಿಸಿಕೊಡುತ್ತೇನೆಂದು ಬರುವ ದಲ್ಲಾಳಿಗೆ ಕೊಡಬೇಡಿ. ಗೃಹಲಕ್ಷ್ಮಿಯಂಥ ಹಣ ಆಧಾರ್ ಜೋಡಣೆ ಇರುವ ಖಾತೆಗೆ ಹೋಗುತ್ತದೆ. ಬೇರೆ ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರ ಕೊಟ್ಟು ಆ ಜೋಡಣೆಯನ್ನು ಅಲ್ಲಿಗೆ ಬದಲಿಸಿಕೊಳ್ಳಲು ಬರುತ್ತದೆ. ಕಬ್ಬಿನ ಬಿಲ್ಲು ಬರುವ ಖಾತೆಯನ್ನು ಯುಪಿಐಗೆ ಜೋಡಿಸದೆ ಬೇರೆಯೇ ಇಡುವುದು ಎಲ್ಲ ರೈತರಿಗೂ ಒಳ್ಳೆಯದು, ಮನೆಯಲ್ಲಿ ಯಾರೂ ಆಡದಿದ್ದರೂ.

ಬೀಳಗಿ ಕಡೆಯವರಿಗೆ ಒಂದು ಮಾತು ವಿಶೇಷವಾಗಿ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಆಲಮಟ್ಟಿ ಅಣೆಕಟ್ಟೆಯ ಎತ್ತರ ಹೆಚ್ಚಿಸುವುದರಿಂದ ಮುಳುಗುವ ಭೂಮಿಗೆ ಎಕರೆಗೆ ನೀರಾವರಿಯದಕ್ಕೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ತೀರ್ಮಾನಿಸಿದೆ. ಹೊಲ ಹೋಗಿ ಅದರ ಬದಲು ಖಾತೆಯಲ್ಲಿ ಅಂಕಿ ಬಂದು ನಿಲ್ಲುವ ಮನೆಗಳಿವು. ಹಿಂದಿನ ಸಲದ ಪರಿಹಾರದ ಹಣ ಎಷ್ಟು ಮನೆಗಳಲ್ಲಿ ಹೇಗೆ ಕರಗಿತು ಎಂದು ನೀವು ಕಂಡಿದ್ದೀರಿ. ಆಗ ಮೊಬೈಲಿನಲ್ಲಿ ಜೂಜು ಇರಲಿಲ್ಲ.

ಬಿಡಬೇಕೆಂದರೂ ಬಿಡಲಾಗದೆ ಇರುವ ಹುಡುಗರಿಗೆ ನಾನು ಬುದ್ಧಿ ಹೇಳುವುದಿಲ್ಲ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಲ್ಲೇ ಸೇರಿಸಿದೆ. ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲುರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಸಾಲ ಮೈಮೇಲೆ ಬಂದು ಬದುಕೇ ಬೇಡ ಅನ್ನಿಸಿದವರು ಮೊದಲು ಆ ನಂಬರಿಗೆ ಕರೆ ಮಾಡಿ, ಆಮೇಲೆ ಮನೆಯವರಿಗೆ ಹೇಳಿ. ತಂದೆತಾಯಿಯರಲ್ಲಿ ನನ್ನ ಕೇಳಿಕೆ, ಹೇಳಲು ಬಂದ ಮಗನನ್ನು ಆ ರಾತ್ರಿ ಬಯ್ಯಬೇಡಿ. ಲೆಕ್ಕ ಬೆಳಗ್ಗೆ ಕೂತು ಮಾಡೋಣ. ಸಾಲ ಎಷ್ಟು, ಯಾರದು, ಯಾವ ಖಾತೆ ಸುರಕ್ಷಿತ ಎಂಬುದನ್ನು ಕಾಗದದ ಮೇಲೆ ಬರೆಯೋಣ.

ಕಾರ್ಖಾನೆಗಳ ಆಡಳಿತಕ್ಕೆ, ನಮ್ಮ ಕೃಷಿ ಪತ್ತಿನ ಸಹಕಾರ ಸಂಘಗಳ (ಪಿಕೆಪಿಎಸ್) ಕಾರ್ಯದರ್ಶಿಗಳಿಗೆ, ನೇಕಾರ ಸಂಘಗಳ ಹಿರಿಯರಿಗೆ, ಬ್ಯಾಂಕ್ ಶಾಖೆಗಳ ವ್ಯವಸ್ಥಾಪಕರಿಗೆ ಒಂದು ಕೆಲಸ ಕೇಳುತ್ತೇನೆ. ಮೊದಲ ಕಂತಿನ ಕಬ್ಬಿನ ಬಿಲ್ಲು ಜಮಾ ಆಗುವ ವಾರದಲ್ಲಿ, ಐಪಿಎಲ್ ಶುರುವಾಗುವ ವಾರದಲ್ಲಿ ನಿಮ್ಮ ಬಾಗಿಲಿಗೆ ಒಂದು ಫಲಕ ಹಾಕಿ. ದೊಡ್ಡ ಅಕ್ಷರದಲ್ಲಿ ಮೂರು ಸಾಲು ಸಾಕು: ಖಾತೆ, ಕಾರ್ಡ್, ಸಿಮ್ ಯಾರಿಗೂ ಬಾಡಿಗೆಗೆ ಕೊಡಬೇಡಿ, ಗುರುತಿಲ್ಲದವರಿಂದ ಬಂದ ರೊಕ್ಕ ನಿಮ್ಮ ಖಾತೆಯನ್ನೇ ನಿಲ್ಲಿಸಬಹುದು, ತೊಂದರೆಯಾದರೆ 1930. ಕೆಳಗೆ, ಬಂದವರ ಮಾತನ್ನು ಕೂತು ಕೇಳುವ ಶಾಖೆಯ ಒಬ್ಬ ಸಿಬ್ಬಂದಿಯ ಹೆಸರೂ ಇರಲಿ.